ನೂರ ಹನ್ನೆರಡು ಪೌಂಡಿನ ವಾದ

ಗ್ರಾಂಟ್ ರೋಡಿನ ಆ ಹೋಟೆಲಿನಲ್ಲಿ ನಾಲ್ಕು ವರ್ಷ ಒಂದೇ ವಾದ ನಡೆಯಿತು. ಬಾಕ್ಸಿಂಗಿನಲ್ಲಿ ತೀರ ಹಗುರದವರ ವರ್ಗ ಒಂದಿದೆ, ಫ್ಲೈ ವೇಟ್ ಎನ್ನುತ್ತಾರೆ. ನೂರ ಹನ್ನೆರಡು ಪೌಂಡು ಮೀರುವ ಹಾಗಿಲ್ಲ. ಮುಂಬಯಿಯಲ್ಲಿ ಆ ವರ್ಗದವರ ಪೈಕಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬುದು ವಾದ. ಒಂದು ಕಡೆ ರೈಲ್ವೆ ವರ್ಕ್‌ಶಾಪಿನ ಒಬ್ಬ ಫಿಟ್ಟರ್. ಇನ್ನೊಂದು ಕಡೆ ಅದೇ ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತಿದ್ದ ನನ್ನ ಅಣ್ಣ. ಇಬ್ಬರೂ ಒಮ್ಮೆಯೂ ಎದುರುಬದುರಾಗಲಿಲ್ಲ. ಆಗಿದ್ದರೆ ಮೂರು ರೌಂಡಿನಲ್ಲಿ, ಅಂದರೆ ಒಂಬತ್ತು ನಿಮಿಷದಲ್ಲಿ ಮುಗಿದುಹೋಗುತ್ತಿದ್ದ ಮಾತು ಅದು. ಯಾಕೆ ಆಗಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಆ ಟೇಬಲ್ಲಿನಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ.

ವಾದ ಮಾಡುತ್ತಿದ್ದವರು ಮುಖ್ಯವಾಗಿ ಇಬ್ಬರು. ಅಣ್ಣನ ಪರ ಹೋಟೆಲ್ ಯಜಮಾನರ ಭಾವ. ಅವರು ಗಲ್ಲಾದ ಹತ್ತಿರ ಕೂರುವವರು, ಉಡುಪಿ ಕಡೆಯವರು. ಎಲ್ಲರೂ ಅವರನ್ನು ಭಾವ ಎಂದೇ ಕರೆಯುತ್ತಿದ್ದರು. ರೈಲ್ವೆಯವನ ಪರ ಧಾರವಾಡದ ಒಬ್ಬರು ಗುಮಾಸ್ತರು. ಸರ್ಕಾರಿ ಕಚೇರಿಯಲ್ಲಿ ಕೆಲಸ, ಗಿರಗಾಂವಿನ ಚಾಳಿನಲ್ಲಿ ವಾಸ, ಕಪ್ಪು ಟೊಪ್ಪಿಗೆ. ಸಾಯಂಕಾಲ ಆರಕ್ಕೆ ಬಂದರೆಂದರೆ ಚಟ್ನಿಯ ಬಟ್ಟಲನ್ನು ಒಂದು ಕಡೆ, ಸಾಂಬಾರಿನ ಬಟ್ಟಲನ್ನು ಇನ್ನೊಂದು ಕಡೆ ಇಟ್ಟು, ಇದು ನಿಮ್ಮಂವ, ಇದು ನಮ್ಮಂವ ಎಂದು ಶುರುಮಾಡುತ್ತಿದ್ದರು.

“ನಿಮ್ಮ ಹುಡುಗ ಛಲೋ ಗುದ್ತಿದ್ದ, ಇಲ್ಲಂತ ಯಾರಂತಾರ್ರೀ? ಆದ್ರ ರೈಲ್ವೇದಂವನ ಕಾಲು ನೋಡೀರೇನು? ನಿಂತಲ್ಲೆ ನಿಂದ್ರಂಗಿಲ್ಲ ಅಂವಾ. ನಿಮ್ಮಂವ ಗುದ್ದಬೇಕಂದ್ರ ಅಲ್ಲಿ ಮನಶ್ಯಾನ ಇರಂಗಿಲ್ಲ.”

“ಕಾಲಿನಲ್ಲಿ ಎಂತ ಉಂಟು ಮಾರಾಯ್ರೆ? ಓಡಿ ಹೋಗ್ಲಿಕ್ಕಾ?” ಎಂದು ಭಾವ ಗಲ್ಲಾದಿಂದಲೇ ಕೇಳುತ್ತಿದ್ದರು. “ಗುದ್ದುವುದು ಕೈಯಲ್ಲಿ ಅಲ್ವಾ? ನಮ್ಮವನದ್ದು ಎರಡೂ ಕೈ ಒಂದೇ ಜೋರು. ಎಡದಲ್ಲಿ ಬಿದ್ದರೂ ಒಂದೇ, ಬಲದಲ್ಲಿ ಬಿದ್ದರೂ ಒಂದೇ. ಬೀಳುವವನಿಗೆ ಗೊತ್ತೇ ಆಗುವುದಿಲ್ಲ.”

ಭಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒರಳಿನಲ್ಲಿ ರುಬ್ಬುವವನು ಒಂದು ಕೈಯಲ್ಲಿ ಗುಂಡುಕಲ್ಲನ್ನು ತಿರುಗಿಸುತ್ತಾನೆ, ಇನ್ನೊಂದು ಕೈಯಲ್ಲಿ ಹಿಟ್ಟನ್ನು ಗುಂಡಿಗೆ ದೂಡುತ್ತಾನೆ. ಅಣ್ಣ ದಣಿವಾದಾಗಲೆಲ್ಲ ಕೈ ಬದಲಾಯಿಸುತ್ತಿದ್ದ. ಹದಿಮೂರನೆಯ ವಯಸ್ಸಿನಿಂದ ದಿನಕ್ಕೆ ಎಂಟು ಗಂಟೆ ಹಾಗೆ ಮಾಡಿದ್ದರಿಂದ ಸಣ್ಣ ಆಳಿಗೆ ದೊಡ್ಡ ತೋಳು ಬಂದಿತ್ತು. ನಾಗಪಾಡಾದ ಒಬ್ಬ ಮುದುಕ, ಹಿಂದೆ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕೆಲಸ ಮಾಡಿದವನು, ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಅವನು ಚಹಾ ಕುಡಿಯಲು ಬಂದಾಗ ಈ ತೋಳು ಕಂಡಿತು. ಆಮೇಲೆ ಮಧ್ಯಾಹ್ನ ಎರಡರಿಂದ ನಾಲ್ಕು ಅಣ್ಣ ಅಲ್ಲಿಗೆ ಹೋಗತೊಡಗಿದ. ಗ್ಲೌಸು ಚರ್ಮದ್ದಾದ್ದರಿಂದ ಅಡುಗೆಮನೆಯೊಳಗೆ ತರುವಂತಿರಲಿಲ್ಲ. ಹಿಂದಿನ ಮೆಟ್ಟಿಲ ಹತ್ತಿರ ಒಂದು ಮೊಳೆಗೆ ತೂಗುಹಾಕಿ, ನಲ್ಲಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆ ಬದಲಿಸಿ ಒಳಗೆ ಬರಬೇಕಿತ್ತು. ಯಜಮಾನರಿಗೆ ಇದೆಲ್ಲ ಸರಿಬರುತ್ತಿರಲಿಲ್ಲ. ಆದರೆ ಅವನು ಎರಡು ಮೂರು ಪಂದ್ಯ ಗೆದ್ದ ಮೇಲೆ ಅವನನ್ನು ನೋಡಲೆಂದೇ ಜನ ತಿಂಡಿಗೆ ಬರತೊಡಗಿದರು, ಶಾಸ್ತ್ರ ಸ್ವಲ್ಪ ಸಡಿಲವಾಯಿತು.

ನಾವಿಬ್ಬರೂ ಉಡುಪಿಯ ಹತ್ತಿರದ ಒಬ್ಬ ಭಟ್ಟರ ಮಕ್ಕಳು. ಅಣ್ಣನಿಗೆ ಮಂತ್ರ ತಲೆಗೆ ಹತ್ತುವುದಿಲ್ಲ ಎಂದು ಅಪ್ಪ ಅವನನ್ನು ಮುಂಬಯಿಯ ಹೋಟೆಲಿಗೆ ಕಳಿಸಿದರು. ನನಗೆ ಹತ್ತುತ್ತದೆ ಎಂದು ಹತ್ತಿರ ಕೂರಿಸಿಕೊಂಡು ಪಂಚಾಂಗ ನೋಡುವುದನ್ನೂ ಕಲಿಸಿದರು, ಶಾಲೆಗೂ ಕಳಿಸಿದರು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನಾನೂ ಮುಂಬಯಿಗೆ ಬಂದು ಬಲ್ಲಾರ್ಡ್ ಪಿಯರಿನ ಒಂದು ಹಡಗಿನ ಕಂಪನಿಯಲ್ಲಿ ಟೈಪಿಸ್ಟ್ ಆದೆ. ಹೋಟೆಲಿನ ಮಾಳಿಗೆಯ ಒಂದು ಕೋಣೆಯಲ್ಲಿ ಅಣ್ಣನ ಚಾಪೆಯ ಪಕ್ಕ ನನ್ನ ಚಾಪೆ. ಬಾಡಿಗೆಯ ಬದಲಿಗೆ ನನ್ನದೊಂದು ಕೆಲಸವಿತ್ತು. ಏಕಾದಶಿ ಯಾವತ್ತು, ಮರುದಿನ ದ್ವಾದಶಿ ಎಷ್ಟು ಹೊತ್ತು ಇದೆ, ಉಪವಾಸ ಬಿಡುವ ಪಾರಣೆ ಎಷ್ಟು ಗಂಟೆಯೊಳಗೆ ಆಗಬೇಕು ಎಂದು ನೋಡಿ ಅಡುಗೆಮನೆಯವರಿಗೆ ಹೇಳುವುದು. ಯಜಮಾನರ ಅಡುಗೆಮನೆಯಲ್ಲಿ ಏಕಾದಶಿ ಎಂದರೆ ನೀರೂ ಇಲ್ಲ.

ಈ ಏಕಾದಶಿಯೇ ಅಣ್ಣನ ಗುಟ್ಟು. ಅವನ ಮೈತೂಕ ನೂರ ಹದಿನೈದು, ಹದಿನಾರರ ಹತ್ತಿರ ನಿಲ್ಲುತ್ತಿತ್ತು. ಬೇರೆ ಹುಡುಗರು ತೂಕ ಇಳಿಸಲು ಉಪವಾಸವಿದ್ದು ಸಿಡಿಸಿಡಿ ಎನ್ನುತ್ತಿದ್ದರು. ಇವನು ತೂಕದ ಹಿಂದಿನ ದಿನ ಏಕಾದಶಿ ಮಾಡಿಬಿಡುತ್ತಿದ್ದ. ಬಾಯಿಗೆ ಹನಿ ನೀರಿಲ್ಲ, ಇಡೀ ದಿನ ಒಲೆಯ ಬಿಸಿಯಲ್ಲಿ ಕೆಲಸ, ಬೆಳಗಾದರೆ ನಾಲ್ಕು ಪೌಂಡು ಹೋಗಿರುತ್ತಿತ್ತು. ಪಂಚಾಂಗದ ಏಕಾದಶಿ ಬೇರೆ ದಿನವಿದ್ದರೂ ಅವನ ಏಕಾದಶಿ ಅಂದೇ. ಉಸ್ತಾದನಿಗೆ ಇದು ಬಹಳ ಖುಷಿ. “ತುಮ್ಹಾರಾ ಭಗವಾನ್ ಅಚ್ಛಾ ಟ್ರೇನರ್ ಹೈ” ಎಂದು ನಗುತ್ತಿದ್ದ.

ಒಂದು ವರ್ಷ ಅಣ್ಣ ಮುಂಬಯಿಯ ದೊಡ್ಡ ಪಂದ್ಯಾವಳಿಯ ಫೈನಲ್ಲಿಗೆ ಬಂದ. ಎದುರಿಗೆ ಆ ರೈಲ್ವೆಯವನು. ರೈಲ್ವೆಯ ಅಧಿಕಾರಿಯೊಬ್ಬರು ಉಸ್ತಾದನ ಹತ್ತಿರ ಹೇಳಿ ಕಳಿಸಿದ್ದರು: ಈ ಹುಡುಗ ಗೆಲ್ಲಬೇಕೆಂದೇನೂ ಇಲ್ಲ, ನಮ್ಮವನ ಎದುರು ಮೂರು ರೌಂಡು ನಿಂತರೆ ಸಾಕು, ಭುಸಾವಳದಲ್ಲಿ ಕೆಲಸ ಕೊಡುತ್ತೇವೆ, ಇರಲು ಕ್ವಾರ್ಟರ್ಸೂ ಕೊಡುತ್ತೇವೆ. ಅಣ್ಣನಿಗೆ ಆಗ ಇಪ್ಪತ್ತೈದು. ಹನ್ನೆರಡು ವರ್ಷ ರುಬ್ಬಿದ್ದ. ಇನ್ನು ರುಬ್ಬಬೇಕಾಗಿಲ್ಲ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ವಾರ ಕೆಲಸ ಮಾಡುವಾಗ ಏನೋ ಗುನುಗುತ್ತಿದ್ದ. ಅದನ್ನು ನಾನು ಮೊದಲು ಕೇಳಿರಲಿಲ್ಲ. ಭುಸಾವಳ ಎಷ್ಟು ದೂರ ಎಂದು ನಾನು ಕಚೇರಿಯ ಗೋಡೆಯ ನಕ್ಷೆಯಲ್ಲಿ ನೋಡಿದೆ. ರೈಲಿನಲ್ಲಿ ಒಂದು ರಾತ್ರಿಯ ದಾರಿ.

ಫೈನಲ್ಲಿನ ಹಿಂದಿನ ದಿನ ಪಂಚಾಂಗದ ಏಕಾದಶಿಯೇ ಬಿತ್ತು. ಸಾಯಂಕಾಲ ಗ್ರಾಂಟ್ ರೋಡ್ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ನಿಂತಾಗ ಚೀಟಿಯಲ್ಲಿ ನೂರ ಹನ್ನೆರಡೇ ಬಂತು. ಬೆಳಿಗ್ಗೆ ಇನ್ನಷ್ಟು ಇಳಿದಿರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ನಾಗಪಾಡಾದಲ್ಲಿ ತೂಕ. ದ್ವಾದಶಿ ಇದ್ದದ್ದು ಏಳೂವರೆಯವರೆಗೆ ಮಾತ್ರ. ಅಷ್ಟರೊಳಗೆ ಪಾರಣೆ ಆಗದಿದ್ದರೆ ಮಾಡಿದ ಏಕಾದಶಿಯ ಫಲವಿಲ್ಲ. ಇದಕ್ಕೆ ಶಾಸ್ತ್ರದಲ್ಲೇ ದಾರಿಯಿದೆ. ಉಣ್ಣಲು ಆಗದವನು ಒಂದು ಉದ್ಧರಣೆ ತೀರ್ಥ ತೆಗೆದುಕೊಂಡರೂ ಪಾರಣೆ ಆದ ಹಾಗೆ. ಅಪ್ಪ ಎಷ್ಟೋ ಜನರಿಗೆ ಜಗಲಿಯಲ್ಲಿ ಕೂತು ಇದನ್ನು ಹೇಳಿದ್ದರು. ನನಗೆ ಚೆನ್ನಾಗಿ ಗೊತ್ತಿತ್ತು.

ಏಳಕ್ಕೆ ಅಡುಗೆಮನೆಯವರೆಲ್ಲ ಎಲೆ ಹಾಕಿ ಕೂತರು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ, ಸಾರು, ಅನ್ನ. ಬಡಿಸುವವನು ನಾನು. ಅಣ್ಣ ಎಲೆಯ ಮುಂದೆ ಕೂತ, ಕೈ ಮೊಣಕಾಲ ಮೇಲೆ ಇತ್ತು. ತುಟಿ ಒಡೆದು ಒಂದು ಕಡೆ ರಕ್ತ ಒಣಗಿತ್ತು.

ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ತೀರ್ಥ ತಗೊಂಡ್ರೆ ಸಾಕಲ್ವಾ?” ಎಂದು ಅಣ್ಣ ಕೇಳಿದ.

“ಸಾಕಾಗುವುದಿಲ್ಲ” ಎಂದೆ. “ಇವತ್ತಿನದ್ದಕ್ಕೆ ಊಟವೇ ಆಗಬೇಕು.”

ಅವನು ನನ್ನ ಮುಖ ನೋಡಿದ. ನಾನು ಅನ್ನ ಬಡಿಸಿದೆ. ಅವನು ಕಲಸಿದ. ಇನ್ನೊಮ್ಮೆ ಬಡಿಸಿದೆ. ಎರಡು ಲೋಟ ನೀರು ಕೊಟ್ಟೆ. ಕುಡಿದ.

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನು ನಾನೇ ಕೇಳಿಕೊಂಡಾಗಲೆಲ್ಲ ಒಂದೇ ಉತ್ತರ ಸಿದ್ಧವಿತ್ತು. ಆ ತುಟಿ ನೋಡಲಾಗಲಿಲ್ಲ. ಒಂದು ತುತ್ತಿನಿಂದ ಏನಾಗುತ್ತದೆ ಎಂದುಕೊಂಡೆ. ಸ್ಟೇಷನ್ನಿನ ಚೀಟಿಯನ್ನು ನಂಬಿದೆ. ಉತ್ತರ ಕೆಟ್ಟದ್ದೇನಲ್ಲ. ಅದನ್ನೇ ಇಟ್ಟುಕೊಂಡಿದ್ದೆ.

ತೂಕದ ಕೋಣೆಗೆ ನಾನೂ ಹೋಗಿದ್ದೆ. ಮುಳ್ಳು ಒಂದೂಮುಕ್ಕಾಲು ಪೌಂಡು ಮೇಲೆ ನಿಂತಿತು. ಒಂಬತ್ತರೊಳಗೆ ಇಳಿಸಿಕೊಂಡು ಬಂದರೆ ಮತ್ತೆ ತೂಗುತ್ತೇವೆ ಎಂದರು. ಉಸ್ತಾದ್ ಏನು ತಿಂದೆ ಎಂದು ಕೇಳಿದ. ಅಣ್ಣ ಅನ್ನ ಎಂದ. ಮುದುಕ ತಲೆಯ ಮೇಲೆ ಕೈ ಇಟ್ಟುಕೊಂಡು ಬೆಂಚಿನ ಮೇಲೆ ಕೂತುಬಿಟ್ಟ. ಅಣ್ಣ ಕಂಬಳಿ ಹೊದ್ದು ಮಝಗಾಂವ್ ತನಕ ಓಡಿ ಬಂದ. ಮತ್ತೆ ನಿಂತಾಗ ಅರ್ಧ ಪೌಂಡು ಹೆಚ್ಚಿತ್ತು. ಲಂಗೋಟಿ ಬಿಚ್ಚಿಸಿದರು, ಆದರೂ ಮುಳ್ಳು ಇಳಿಯಲಿಲ್ಲ. ಯಾರೋ ತಮಾಷೆಗೆ ಜನಿವಾರವನ್ನೂ ತೆಗೆ ಎಂದರು. ರೈಲ್ವೆಯವನು ಟವೆಲು ಸುತ್ತಿಕೊಂಡು ಮೂಲೆಯಲ್ಲಿದ್ದ. ಅವನೊಬ್ಬನೇ ನಗಲಿಲ್ಲ. ಇನ್ನು ಹದಿನೈದು ನಿಮಿಷ ಕೊಡಿ ಸಾಹೇಬ್ ಎಂದು ಅವನೇ ಕೇಳಿದ. ನಿಯಮ ನಿಯಮವೇ ಎಂದರು. ಪಂದ್ಯವಿಲ್ಲದೆ ಅವನು ಗೆದ್ದ.

ನಾನು ಹತ್ತು ಗಂಟೆಗೆ ಕಚೇರಿಯಲ್ಲಿದ್ದೆ. ಆ ದಿನ ಹನ್ನೊಂದು ಪತ್ರ ಟೈಪ್ ಮಾಡಿದೆ, ಒಂದರಲ್ಲೂ ತಪ್ಪಿರಲಿಲ್ಲ. ಸಾಯಂಕಾಲ ಬಂದಾಗ ಅಣ್ಣ ಉದ್ದು ನೆನೆಹಾಕುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುತ್ತಾರೆ. ಇವನಿಗೆ ತುತ್ತು ಬಾಯಿಗೆ ಬಂದದ್ದೇ ಕೇಡಾಯಿತು. ದುಃಖ ಆಗಬೇಕಿತ್ತು. ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿದರೆ ಬೇರೆ ಯಾರದ್ದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗೆ ಇತ್ತು. ಅದು ಒಂದು ದಿನಕ್ಕೆ ಇಳಿಯುತ್ತದೆ, ನನ್ನದು ಇಳಿಯಲಿಲ್ಲ.

ರೈಲ್ವೆಯವರ ಕಡೆಯಿಂದ ಮತ್ತೆ ಮಾತು ಬರಲಿಲ್ಲ. ಅಣ್ಣ ಇನ್ನೊಂದು ವರ್ಷ ಆಡಿದ, ಒಂದೆರಡು ಗೆದ್ದ. ಆಮೇಲೆ ಮೈ ತುಂಬಿಕೊಂಡಿತು, ನೂರ ಹನ್ನೆರಡಕ್ಕೆ ಇಳಿಯಲಿಲ್ಲ. ಮೇಲಿನ ವರ್ಗದವರು ಅವನಿಗಿಂತ ಗೇಣುದ್ದ ಎತ್ತರ. ಬಿಟ್ಟ. ಮೊಳೆಯಲ್ಲಿದ್ದ ಗ್ಲೌಸನ್ನು ಉಸ್ತಾದ್ ಬಂದು ತೆಗೆದುಕೊಂಡು ಹೋದ.

ಆದರೆ ವಾದ ಬಿಡಲಿಲ್ಲ. ಆಡುವವರು ಬಿಟ್ಟ ಮೇಲೆ ಅದಕ್ಕೆ ಇನ್ನೂ ಕಾವು ಬಂತು. ಧಾರವಾಡದವರು ಒಂದೊಂದೇ ಪಂದ್ಯ ಎತ್ತಿ ಲೆಕ್ಕ ಹೇಳುವರು: ಗೋದಿಯ ಆ ಹುಡುಗನನ್ನು ನಿಮ್ಮವನು ಮೂರನೇ ರೌಂಡಿನಲ್ಲಿ ಬೀಳಿಸಿದ, ನಮ್ಮವನು ಎರಡನೆಯದರಲ್ಲೇ. ಭಾವ ಹೇಳುವರು: ನಮ್ಮವನು ಹೊಡೆದ ಮೇಲೆ ಅವನಲ್ಲಿ ಎಂತ ಉಳಿದಿತ್ತು? ಸಿಪ್ಪೆ. ಸಿಪ್ಪೆಯನ್ನು ಬೀಳಿಸಲು ಎಷ್ಟು ರೌಂಡು ಬೇಕು? ಮದ್ರಾಸಿನಿಂದ ಬಂದವನೊಬ್ಬನ ಪೆಟ್ಟಿಗೆ ರೈಲ್ವೆಯವನು ಒಮ್ಮೆ ಮಂಡಿಯೂರಿದ್ದ. ಭಾವ ಅದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ಅವನು ಜಾರಿದ್ದು ಎಂದು ಧಾರವಾಡದವರು. ಟೇಬಲ್ಲಿಗೆ ಟೇಬಲ್ಲೇ ಎರಡು ಪಕ್ಷವಾಗುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದು ಆ ಹೋಟೆಲಿನಲ್ಲಿ ಎರಡೂ ಸುಳ್ಳಾಗಿತ್ತು.

ಕೊನೆಗೆ ಎಲ್ಲವೂ ತೂಕಕ್ಕೇ ಬಂದು ನಿಲ್ಲುತ್ತಿತ್ತು.

“ತೂಕ ಹಿಡಿಯೂದೂ ಆಟದಾಗ ಬರ್ತದ್ರೀ” ಎಂದು ಧಾರವಾಡದವರು ಬೆರಳು ಎತ್ತುವರು. “ಬಾಯಿ ಕಟ್ಟಲಿಕ್ಕೆ ಬರಲಾರದಂವ ದೊಡ್ಡಂವ ಹೆಂಗಾಗ್ತಾನ? ಮುಂಜಾನೆ ತೂಕ ಅದ, ಇಂವಾ ಅನ್ನಾ ಉಂಡಾನ. ಏನನ್ನೂಣ ಅದಕ್ಕ?”

“ದ್ವಾದಶಿ ದಿನ ತೂಕ ಇಟ್ಟದ್ದೇ ಮೋಸ” ಎಂದು ಭಾವ. “ಪಾರಣೆ ಬಿಡ್ಲಿಕ್ಕಾಗ್ತದಾ? ದೇವರಿಗಿಂತ ದೊಡ್ಡದಾ ರೈಲ್ವೆ?”

ಒಮ್ಮೊಮ್ಮೆ ನನ್ನ ಕಡೆ ತಿರುಗುತ್ತಿದ್ದರು. ನೀವು ತಮ್ಮ, ನೀವೇ ಹೇಳ್ರಿ ಎನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯೂ ನಾನಲ್ಲ. ನನಗೆ ಬಾಕ್ಸಿಂಗ್ ಗೊತ್ತಾಗುವುದಿಲ್ಲ ಎನ್ನುತ್ತಿದ್ದೆ. ಒಳಗೆ ಒರಳು ತಿರುಗುವ ಸದ್ದು ಕೇಳುತ್ತಿತ್ತು. ಅಡುಗೆಮನೆಗೂ ಆ ಟೇಬಲ್ಲಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅಣ್ಣನಿಗೆ ಎಲ್ಲ ಕೇಳುತ್ತಿತ್ತು. ನಾನು ಕಾಫಿ ಮುಗಿಸಿ ಲೋಟವನ್ನು ಬಟ್ಟಲಿನಲ್ಲಿ ಬೋರಲು ಇಟ್ಟು ಏಳುತ್ತಿದ್ದೆ. ನಾಲ್ಕು ವರ್ಷದಲ್ಲಿ ಆ ಕಾಫಿಯ ರುಚಿ ಹೇಗಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ರಾಜ್ಯಗಳನ್ನು ಭಾಷೆಯ ಪ್ರಕಾರ ಬೇರೆ ಮಾಡಿದಾಗ ಧಾರವಾಡ ಮೈಸೂರಿನ ಕಡೆ ಹೋಯಿತು, ಅದರ ಜೊತೆಗೆ ಧಾರವಾಡದ ಗುಮಾಸ್ತರ ಕೆಲಸವೂ ಹೋಯಿತು. ಬೆಂಗಳೂರಿಗೆ ವರ್ಗ. ಕೊನೆಯ ಸಾಯಂಕಾಲ ಒಂದು ಡಬ್ಬಿ ಪೇಢೆ ತಂದು ಎಲ್ಲರಿಗೂ ಹಂಚಿದರು. ಆಮೇಲೆ ಭಾವನಿಗೆ ಹೇಳಿದರು, “ಹೋಗೂದ್ರಾಗ ಇದೊಂದು ತೀರ್ಮಾನ ಆಗಿಬಿಡಲಿ. ಅಂವನ್ನ ಕರೀರಿ. ಅಂವಾ ಏನಂತಾನೋ ಅದs ಖರೇ. ನಾನೂ ಒಪ್ತೀನಿ, ನೀವೂ ಒಪ್ಪಬೇಕು.”

ಭಾವನಿಗೆ ಗೆದ್ದೆನೆಂದೇ ಅನ್ನಿಸಿತು. ಕರೆದರು. ಅಣ್ಣ ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತ. ಐದು ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದರು. ಧಾರವಾಡದವರು ಎದ್ದು ನಿಂತು, ಕೋರ್ಟಿನಲ್ಲಿ ಕೇಳುವ ಹಾಗೆ ಕೇಳಿದರು.

“ಅವನೇ ದೊಡ್ಡವ” ಎಂದ ಅಣ್ಣ. “ರೈಲ್ವೆಯವ.”

ಹೇಳಿ ಒಳಗೆ ಹೋದ. ಒರಳು ಮತ್ತೆ ತಿರುಗಿತು. ಧಾರವಾಡದವರು ಗೆದ್ದೂ ನಗಲಿಲ್ಲ. ಪೇಢೆಯ ಡಬ್ಬಿಯನ್ನು ಮುಚ್ಚಿ, ಬಾಗಿಲ ಹತ್ತಿರ ಒಮ್ಮೆ ನಿಂತು, ಒಳಗೆ ಹೋಗಿ ಅಣ್ಣನಿಗೆ ಕೈಮುಗಿದು ಬಂದರು. ಭಾವ ಅಣ್ಣನ ಹತ್ತಿರ ಎಂಟು ದಿನ ಮಾತಾಡಲಿಲ್ಲ.

ಆ ಭಾನುವಾರ ಮಧ್ಯಾಹ್ನ ಹೋಟೆಲು ಖಾಲಿಯಿದ್ದಾಗ ನಾನು ಅಡುಗೆಮನೆಗೆ ಹೋದೆ. ಅಣ್ಣ ಉದ್ದು ರುಬ್ಬುತ್ತಿದ್ದ. ಪಕ್ಕದಲ್ಲಿ ಕೂತೆ.

“ಅವತ್ತು ಯಾಕೆ ಹಾಗೆ ಹೇಳಿದೆ?” ಎಂದು ಕೇಳಿದೆ.

“ಎಂತ?”

“ಅವನೇ ದೊಡ್ಡವ ಅಂತ.”

“ತೂಕಕ್ಕೆ ನಿಂತವ ದೊಡ್ಡವ. ನಾನು ನಿಲ್ಲಲಿಲ್ಲ. ಅದರಲ್ಲಿ ಎಂತ ಉಂಟು?”

ಇವನು ನನ್ನ ತಪ್ಪನ್ನು ತನ್ನ ತಪ್ಪೆಂದು ಊರಿಗೆಲ್ಲ ಒಪ್ಪಿಸುತ್ತಿದ್ದಾನೆ ಎಂದು ನನಗೆ ಸಿಟ್ಟು ಬಂತು. ಅವನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಹೇಳಿಬಿಟ್ಟೆ. “ಆ ದಿನ ತೀರ್ಥ ಸಾಕಿತ್ತು. ನಾನು ಸುಳ್ಳು ಹೇಳಿದೆ.”

“ಗೊತ್ತುಂಟು” ಎಂದ. ಕೈ ನಿಲ್ಲಿಸಲಿಲ್ಲ.

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಅಪ್ಪ ಜಗಲಿಯಲ್ಲಿ ಕೂತು ಹೇಳುವಾಗ ನಾನು ಎಲ್ಲಿದ್ದೆ? ಅಂಗಳದಲ್ಲೇ ಇದ್ದೆ. ನನಗೆ ಮಂತ್ರ ಬರ್ತಿರಲಿಲ್ಲ, ಕಿವಿ ಇತ್ತು.”

ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಅವನು ದಡ್ಡ, ನಾನು ಓದಿದವನು ಎಂದು ಅಪ್ಪ ಹಾಕಿಕೊಟ್ಟ ಲೆಕ್ಕವನ್ನೇ ಇಟ್ಟುಕೊಂಡು, ನಾನು ಹೇಳಿದ್ದರಿಂದ ಅವನು ಉಂಡ ಎಂದು ತಿಳಿದಿದ್ದೆ.

“ಹಾಗಾದರೆ ಯಾಕೆ ಉಂಡೆ?”

ಅಣ್ಣ ಗುಂಡಿಯ ಸುತ್ತಲಿನ ಹಿಟ್ಟನ್ನು ಒಳಗೆ ದೂಡಿದ. ಕೈ ಬದಲಾಯಿಸಿದ.

“ನೀನು ಬೇರೆ ಎಂತ ಬೇಕಾದ್ರೂ ಸುಳ್ಳು ಹೇಳ್ತಿದ್ದಿ, ಪಂಚಾಂಗದಲ್ಲಿ ಹೇಳ್ತಿರಲಿಲ್ಲ. ಅವತ್ತು ಸೌಟು ಹಿಡ್ಕೊಂಡು ನಿಂತು ಹೇಳಿದಿ. ನಾನು ಹೋಗುವುದು ಇವನಿಗೆ ಅಷ್ಟು ಬೇಡವಾ ಅಂತ ಕಂಡಿತು. ಉಂಡೆ.”

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ನಿನ್ನ ತುಟಿ ಒಡೆದಿತ್ತು ಎಂಬ ಉತ್ತರ ನಾಲಗೆಯ ತುದಿಯಲ್ಲಿತ್ತು. ನಾಲ್ಕು ವರ್ಷ ಅದನ್ನೇ ನಂಬಿದ್ದವನು, ಅವನೆದುರು ಅದನ್ನು ಹೇಳಲಾರದೆ ಕೂತೆ. ಅವನು ಹೇಳಿದ ಹಾಗೆಯೇ ಇತ್ತು. ಅವನು ಹೋದರೆ ಆ ಕೋಣೆಯಲ್ಲಿ ನಾನೊಬ್ಬನೇ ಆಗುತ್ತಿದ್ದೆ. ಬಡಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅದೊಂದೇ. ನಾಚಿಕೆ ಆಗ ಬಂತು, ಅಳುವೂ ಬಂತು. ಅವನು ನನ್ನ ಕಡೆ ನೋಡಲಿಲ್ಲ.

“ಸ್ವಲ್ಪ ನೀರು ಹಾಕು” ಎಂದ. ಚೊಂಬಿನಿಂದ ಉದ್ದಿನ ಮೇಲೆ ನೀರು ಹಾಕಿದೆ. ಸಾಕು ಎಂದ.